ವೆಬ್‌ಸೈಟ್ ಕೆಲಸ ಯಾರಿಗೆ ಕೊಡಬೇಕು: ಊರಿನ ಫ್ರೀಲಾನ್ಸರ್‌ಗೋ, ದೂರದ ಏಜೆನ್ಸಿಗೋ?

ಅಮೆರಿಕದ ಕಂಪನಿಗಳ ಲೆಕ್ಕದಲ್ಲಿ ‘ಆಫ್‌ಶೋರ್’ ಅಂದ್ರೆ ನಾವು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಲ್ಲಿಂದಾಚೆ ಅವರ ಕೆಲಸವನ್ನ ಇಲ್ಲಿನ ಸಂಬಳಕ್ಕೆ ಮಾಡಿಕೊಡೋದೇ ನಮ್ಮ ಐಟಿ ಉದ್ಯಮದ ದೊಡ್ಡ ವ್ಯಾಪಾರ. ಆದರೆ ಕೊಪ್ಪ ತಾಲೂಕಿನ ಭಂಡಿಗಡಿಯಲ್ಲಿ ಹೋಂಸ್ಟೇ ನಡೆಸೋರಿಗೆ, ಶೃಂಗೇರಿಯಲ್ಲಿ ಲಾಡ್ಜ್ ಇಟ್ಟವರಿಗೆ, ನರಸಿಂಹರಾಜಪುರದಿಂದ ಕಾಳುಮೆಣಸು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ ಕೊರಿಯರ್ ಮಾಡೋರಿಗೆ ‘ಆಚೆ ದಡ’ ಅಂದ್ರೆ ಬೆಂಗಳೂರೇ. ಅಮೆರಿಕದ ಸಣ್ಣ ಅಂಗಡಿಯವರು ನಮ್ಮ ಏಜೆನ್ಸಿಗಳ ಬಗ್ಗೆ ಹೇಳೋ ದೂರನ್ನೇ ಮಲೆನಾಡಿನವರು ಬೆಂಗಳೂರಿನ ಏಜೆನ್ಸಿಗಳ ಬಗ್ಗೆ ಹೇಳ್ತಾರೆ: ಮಾತಾಡಿದವರು ಒಬ್ಬರು, ಕೆಲಸ ಮಾಡಿದವರು ಇನ್ನೊಬ್ಬರು, ಕೆಟ್ಟಾಗ ಫೋನ್ ಎತ್ತೋರು ಯಾರೂ ಇಲ್ಲ.

ಈ ಆಯ್ಕೆ ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಕೊನೆಗಾರನನ್ನ ಕರೆದು ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸೋ ಉಸ್ತುವಾರಿಯನ್ನ ತಾವೇ ನೋಡ್ಕೊಬಹುದು. ಇಲ್ಲಾ ಚೇಣಿಗೆ ಕೊಡಬಹುದು. ಚೇಣಿದಾರ ತನ್ನ ಆಳು ತರ್ತಾನೆ, ಹಸಿ ಅಡಿಕೆ ಕ್ವಿಂಟಾಲಿಗೆ ಇಷ್ಟು ಕೆಜಿ ಒಣ ಅಡಿಕೆ ಅಂತ ಮಾತಾಗುತ್ತೆ, ತಲೆನೋವು ಅವನದು, ಲಾಭದ ಪಾಲೂ ಅವನದು. ಫ್ರೀಲಾನ್ಸರ್ ಕೊನೆಗಾರನ ಹಾಗೆ, ಏಜೆನ್ಸಿ ಚೇಣಿದಾರನ ಹಾಗೆ. ಒಂದೇ ವ್ಯತ್ಯಾಸ: ಚೇಣಿಗೆ ಕೊಟ್ಟ ಮಾತ್ರಕ್ಕೆ ತೋಟ ಯಾರ ಹೆಸರಿಗೂ ಹೋಗಲ್ಲ. ವೆಬ್‌ಸೈಟ್ ವಿಷಯದಲ್ಲಿ ಹೋಗುತ್ತೆ.

ಅದಕ್ಕೆ ಬರೋ ಮೊದಲು, ಇದೆಲ್ಲ ಬೇಕೇ ಅಂತ ಕೇಳ್ಕೊಳ್ಳಿ. ನಾಲ್ಕು ರೂಮಿನ ಹೋಂಸ್ಟೇಗೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ಜಾಗ, ವಾಟ್ಸಾಪ್ ಬಿಸಿನೆಸ್‌ನಲ್ಲಿ ದರಪಟ್ಟಿ, ಒಂದು ಯುಪಿಐ ಕ್ಯೂಆರ್ ಕೋಡ್ ಇದ್ರೆ ಬಹಳ ಕೆಲಸ ನಡೆದುಹೋಗುತ್ತೆ. ಸ್ವಂತ ಆ್ಯಪ್ ಮಾಡಿಸೋದು ಇಂಥ ವ್ಯಾಪಾರಕ್ಕೆ ಬಹುಪಾಲು ದುಡ್ಡು ದಂಡ. ಅದನ್ನ ಹೇಳದೇ ಕೊಟೇಶನ್ ಕಳಿಸೋ ಏಜೆನ್ಸಿ ಬಗ್ಗೆ ನನಗಂತೂ ಅನುಮಾನ.

ಬುಕಿಂಗ್ ಸೌಲಭ್ಯ ಇರೋ ನಾಲ್ಕೈದು ಪುಟದ ಸೈಟು, ಉಪ್ಪಿನಕಾಯಿ ಮಾರೋ ಸಣ್ಣ ಆನ್‌ಲೈನ್ ಅಂಗಡಿ, ಇಷ್ಟೇ ಆದ್ರೆ ಫ್ರೀಲಾನ್ಸರ್ ಸಾಕು. ತಿಂಗಳುಗಟ್ಟಲೆ ನಡೆಯೋ, ಮೂರ್ನಾಲ್ಕು ಬಗೆಯ ಕೌಶಲ ಬೇಡೋ, ಒಂದು ದಿನ ನಿಂತ್ರೂ ನಷ್ಟವಾಗೋ ಕೆಲಸಕ್ಕೆ ಏಜೆನ್ಸಿ ಸರಿ. ಉದಾಹರಣೆಗೆ ಒಂದು ಸಹಕಾರ ಸಂಘದ ಖರೀದಿ, ದಾಸ್ತಾನು, ಸದಸ್ಯರ ಲೆಕ್ಕ ಒಟ್ಟಿಗೆ ಇರೋ ಸಾಫ್ಟ್‌ವೇರ್.

ಫ್ರೀಲಾನ್ಸರ್ ವಿಷಯದಲ್ಲಿ ಇರೋ ಭಯ ಸುಳ್ಳಲ್ಲ. ಹುಡುಗನಿಗೆ ಕಂಪನಿ ಕೆಲಸ ಸಿಕ್ಕ ಮರುವಾರವೇ ನಿಮ್ಮ ಸೈಟು ಅನಾಥ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋದ್ರೆ ಮೂರು ದಿನ ಸುದ್ದಿಯಿಲ್ಲ. ಏಜೆನ್ಸಿಯಲ್ಲಿ ಬೇರೆ ರೋಗ. ಒಪ್ಪಂದದಲ್ಲಿ ಇಲ್ಲದ ಪ್ರತಿ ಬದಲಾವಣೆಗೂ ಬಿಲ್ಲು, ವರ್ಷ ವರ್ಷ ನಿರ್ವಹಣೆ ಶುಲ್ಕ. ಕೋಡ್ ಬರೆಯೋದು ಎಷ್ಟೋ ಸಲ ಅವರೇ ಕಡಿಮೆ ದುಡ್ಡಿಗೆ ಹಿಡಿದ ಇನ್ನೊಬ್ಬ ಫ್ರೀಲಾನ್ಸರ್. ಅವನು ಕೊಪ್ಪದವನೇ ಆಗಿದ್ರೂ ಆಶ್ಚರ್ಯವಿಲ್ಲ. ಇನ್ನು ನಿಜಕ್ಕೂ ವಿದೇಶದ ಏಜೆನ್ಸಿ ಹಿಡಿದ್ರೆ ಸೇವೆ ಆಮದು ಮಾಡಿಕೊಂಡಂತೆ. ಜಿಎಸ್‌ಟಿಯನ್ನ ರಿವರ್ಸ್ ಚಾರ್ಜ್‌ನಲ್ಲಿ ನೀವೇ ಕಟ್ಟಬೇಕು, ಜಗಳವಾದ್ರೆ ಕೊಪ್ಪದ ವಕೀಲರು ಮಾಡೋಕೆ ಹೆಚ್ಚೇನೂ ಇರಲ್ಲ.

ಇಬ್ಬರನ್ನೂ ಅಳೆಯೋಕೆ ಒಂದು ಸುಲಭದ ಪರೀಕ್ಷೆ ಕನ್ನಡ. ಮುಂಗಡ ಕೊಡೋ ಮೊದಲು ಒಂದು ಪುಟ ಕನ್ನಡದಲ್ಲಿ ಮಾಡಿ ತೋರಿಸಿ ಅನ್ನಿ. ‘ನರಸಿಂಹರಾಜಪುರ’, ‘ಕೊಪ್ಪ’, ‘ಶೃಂಗೇರಿ’ ಸಾಮಾನ್ಯ ಮೊಬೈಲ್‌ನಲ್ಲಿ ಸರಿಯಾಗಿ ಕಾಣ್ತಾವಾ, ಒತ್ತಕ್ಷರ ಜಾಗದಲ್ಲಿ ಇದೆಯಾ ನೋಡಿ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ದರಪಟ್ಟಿಯನ್ನ ಯೂನಿಕೋಡ್‌ಗೆ ಬದಲಿಸದೇ ಹಾಗೇ ಅಂಟಿಸಿದ್ರೆ ಪುಟದಲ್ಲಿ ಬರೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇದು ಗೊತ್ತಿಲ್ಲದವರು ನಿಮ್ಮ ಗಿರಾಕಿ ಯಾರು ಅನ್ನೋದನ್ನೇ ಯೋಚಿಸಿಲ್ಲ.

ಬೀಗದ ಕೈ ಯಾರ ಹತ್ರ?

ನಿಜವಾದ ಜಗಳ ದರದ್ದಲ್ಲ, ಒಡೆತನದ್ದು. ಮೊದಲನೆಯದು ಡೊಮೇನ್. ಅದನ್ನ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಿಂದ, ನಿಮ್ಮ ಫೋನಿಗೆ ಓಟಿಪಿ ಬರೋ ಹಾಗೆ ನೋಂದಾಯಿಸಿ. ‘ನಾವೇ ಮಾಡಿಕೊಡ್ತೀವಿ, ಪ್ಯಾಕೇಜ್‌ನಲ್ಲೇ ಬರುತ್ತೆ’ ಅಂದ್ರೆ ನಿಮ್ಮ ಅಂಗಡಿಯ ಬೋರ್ಡು ಅವರ ಹೆಸರಲ್ಲಿ ಇದ್ದಂತೆ. ಹೋಸ್ಟಿಂಗ್, ಪೇಮೆಂಟ್ ಗೇಟ್‌ವೇ ಖಾತೆಗಳಿಗೂ ಇದೇ ಮಾತು.

ಎರಡನೆಯದು ಕೋಡ್. ‘ದುಡ್ಡು ಕೊಟ್ಟಿದ್ದೀನಿ, ನಂದೇ ಅಲ್ವಾ?’ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸೆಕ್ಷನ್ 17ರ ಪ್ರಕಾರ ಮಾಲೀಕನದು. ಫ್ರೀಲಾನ್ಸರ್ ಆಗಲಿ, ಏಜೆನ್ಸಿ ಆಗಲಿ ನಿಮ್ಮ ನೌಕರರಲ್ಲ. ಹಾಗಾಗಿ ಹಕ್ಕು ಸಾಮಾನ್ಯವಾಗಿ ಬರೆದವರ ಕಡೆಯೇ ಉಳಿಯುತ್ತೆ. ಸೆಕ್ಷನ್ 19ರಂತೆ ಅದನ್ನ ಬರಹದಲ್ಲಿ, ಸಹಿ ಹಾಕಿ ವರ್ಗಾಯಿಸಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ರೆ 5 ವರ್ಷ ಅಂತಲೂ, ಪ್ರದೇಶ ಬರೆಯದಿದ್ರೆ ಭಾರತದೊಳಗೆ ಮಾತ್ರ ಅಂತಲೂ ಕಾನೂನು ಭಾವಿಸುತ್ತೆ. ‘ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ’ ಅನ್ನೋ ಒಂದು ಸಾಲು ಇಲ್ಲಿ ದೊಡ್ಡದು. ಸಹಿ ಹಾಕಿಸಿಕೊಳ್ಳೋದು ಕೊನೆ ಕಂತು ಕೊಡುವಾಗಲೇ ಆಗಲಿ. ಕೋಡ್‌ನ ಪ್ರತಿ ನಿಮ್ಮದೇ ಗಿಟ್‌ಹಬ್ ಖಾತೆಯಲ್ಲಿ ಮೊದಲ ದಿನದಿಂದ ಇರಲಿ. ಹುಡುಗ ಊರು ಬಿಟ್ರೂ ಇನ್ನೊಬ್ಬರು ಮುಂದುವರಿಸಬಹುದು.

ಮೂರನೆಯದು ಡೇಟಾ. ಹೋಂಸ್ಟೇಗಳಲ್ಲಿ ಆಧಾರ್ ಪ್ರತಿ, ಫೋನ್ ನಂಬರ್ ಎಲ್ಲ ತಗೊಳ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನ ಸಂಭಾಳಿಸೋ ಕೆಲಸ ಏಜೆನ್ಸಿಗೆ ಕೊಟ್ಟಿದ್ರೂ ಜವಾಬ್ದಾರಿ ಸಂಗ್ರಹಿಸಿದವರದ್ದೇ, ಅಂದ್ರೆ ನಿಮ್ಮದೇ. ಆ ಏಜೆನ್ಸಿ ಜೊತೆ ಒಪ್ಪಂದವೂ ಕಡ್ಡಾಯ. ರಕ್ಷಣೆಯಲ್ಲಿ ಲೋಪವಾದ್ರೆ ದಂಡದ ಮಿತಿ 250 ಕೋಟಿ ರೂ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಗಡುವು ಇದೆ. ಬೇಡದ ಆಧಾರ್ ಪ್ರತಿ ಇಟ್ಟುಕೊಳ್ಳದಿರೋದೇ ಅಗ್ಗದ ಸುರಕ್ಷತೆ.

ಕೆಲಸ ಮಾಡಿದವರ ದುಡ್ಡು

ಇಲ್ಲಿವರೆಗೆ ಮಾಲೀಕರ ಕಡೆಯಿಂದ ಬರೆದೆ. ಈ ಲೇಖನ ಓದ್ತಿರೋ ಹಲವರು ಬಹುಶಃ ಆಚೆ ಬದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತವರು. ಏಜೆನ್ಸಿಗೆ ಅರ್ಧ ದುಡ್ಡು ಮುಂಗಡ ಕೊಡೋ ಅದೇ ಮಾಲೀಕರು ಊರಿನ ಹುಡುಗಿಗೆ ‘ನಮ್ಮವಳೇ ಅಲ್ವಾ, ಮಾಡ್ಕೊಡಮ್ಮ, ಆಮೇಲೆ ನೋಡೋಣ’ ಅಂತಾರೆ. ‘ಬೆಂಗಳೂರಿನಾಚೆ’ ಅಂತ ರಾಜ್ಯ ಸರ್ಕಾರ ಹೇಳೋ ಐಟಿ ಯೋಜನೆ ಸುತ್ತೋದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕ್ಲಸ್ಟರ್‌ಗಳ ಸುತ್ತ. ಕೊಪ್ಪ, ಶೃಂಗೇರಿ ಆ ನಕ್ಷೆಯಲ್ಲಿ ಎಲ್ಲೂ ಬರಲ್ಲ. 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಪ್ಲಾಟ್‌ಫಾರ್ಮ್ ಮೂಲಕ ಕೆಲಸ ಮಾಡೋರಿಗೆ ಮಾತ್ರ. ಪರಿಚಯದಿಂದ, ವಾಟ್ಸಾಪ್‌ನಲ್ಲಿ ಕೆಲಸ ಹಿಡಿದವರು ಅದರ ಹೊರಗೆ.

ಹೆಚ್ಚಿನವರು ಗಮನಿಸದ ಒಂದು ಕಾನೂನು ಮಾತ್ರ ಇವರ ಕೈಯಲ್ಲಿದೆ. ಒಬ್ಬರೇ ಇದ್ರೂ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ಉದ್ಯಮವಾಗಿ ಉಚಿತವಾಗಿ ನೋಂದಾಯಿಸಬಹುದು. ಕೆಲಸ ಒಪ್ಪಿಕೊಳ್ಳೋ ಮೊದಲೇ ನೋಂದಣಿ ಆಗಿರೋದು ಕ್ಷೇಮ, ಆಮೇಲೆ ಮಾಡಿಸಿದ್ರೆ ಹಳೆಯ ಬಾಕಿಗೆ ಪ್ರಯೋಜನ ಸಿಗದೇ ಹೋಗಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸಣ್ಣ ಉದ್ಯಮದಿಂದ ಸೇವೆ ಪಡೆದವರು, ಬರಹದ ಒಪ್ಪಂದ ಇದ್ರೂ, 45 ದಿನ ಮೀರಿ ದುಡ್ಡು ತಡೆಯುವಂತಿಲ್ಲ. ಒಪ್ಪಂದ ಇಲ್ಲದಿದ್ರೆ ಗಡುವು 15 ದಿನ. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ ಮಾಲೀಕರ ಊರಿಗೆ ಅಲೆಯಬೇಕಿಲ್ಲ. ಸೇವೆ ಕೊಟ್ಟವರು ಇರೋ ಕಡೆಯ ಫೆಸಿಲಿಟೇಶನ್ ಕೌನ್ಸಿಲ್‌ಗೇ ಅಧಿಕಾರ, ದುಡ್ಡು ಕೊಡಬೇಕಾದವರು ಭಾರತದ ಎಲ್ಲೇ ಇರಲಿ. ಅಂದ್ರೆ ಬೆಂಗಳೂರಿನ ಏಜೆನ್ಸಿ ತನ್ನ ಕೆಲಸವನ್ನ ಭಂಡಿಗಡಿಯ ಫ್ರೀಲಾನ್ಸರ್‌ಗೆ ದಾಟಿಸಿ ದುಡ್ಡು ಉಳಿಸಿಕೊಂಡ್ರೆ, ಆ ಏಜೆನ್ಸಿ ಮೇಲೂ ಇದೇ ದಾರಿಯಲ್ಲಿ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್‌ನಲ್ಲೇ ಹಾಕೋದು. ಬೇಕಾಗಿರೋದು ಉದ್ಯಮ್ ನೋಂದಣಿ ಸಂಖ್ಯೆ, ಬಿಲ್ಲು, ಮತ್ತು ಕೆಲಸ ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ವರ್ಕ್ ಆರ್ಡರ್ ಅಥವಾ ಇಮೇಲ್.