ಗಿಲ್ಡ್ ಏಕೆ ಉಳಿಯುತ್ತದೆ? ಐಹೊಳೆಯಿಂದ ಆನ್‌ಲೈನ್ ಆಟದವರೆಗೆ

ಆನ್‌ಲೈನ್ ಆಟ ಆಡುವ ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಅವರಲ್ಲಿ ಕೆಲವರಾದರೂ ಯಾವುದಾದರೊಂದು ‘ಗಿಲ್ಡ್’ನ ಸದಸ್ಯರಾಗಿರಬಹುದು. ಒಬ್ಬರಿಂದ ಸಾಧ್ಯವಾಗದ ಸವಾಲನ್ನು ಎದುರಿಸಲು, ಪರಸ್ಪರ ಮುಖ ನೋಡದ ಹತ್ತಾರು ಆಟಗಾರರು ಕಟ್ಟಿಕೊಳ್ಳುವ ಸಂಘವೇ ಗಿಲ್ಡ್. (ಹಣ ಪಣಕ್ಕಿಡುವ ಆಟಗಳ ಮಾತು ಇದಲ್ಲ, ಅವನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ.) ಕೆಲವು ಗಿಲ್ಡ್‌ಗಳು ವರ್ಷಗಟ್ಟಲೆ ಬಾಳುತ್ತವೆ, ಕೆಲವು ಬೇಗನೆ ಒಡೆಯುತ್ತವೆ. ಕಾರಣವೇನು? ಉತ್ತರ ಹುಡುಕಲು ಬಾಗಲಕೋಟೆ ಜಿಲ್ಲೆಯ ಚರಿತ್ರೆಯೇ ನೆರವಾಗುತ್ತದೆ.

ಐನೂರ್ವರು

ಗಿಲ್ಡ್ ಎಂಬ ಹೆಸರು ಮಧ್ಯಯುಗದ ಯುರೋಪಿನ ವರ್ತಕರ ಮತ್ತು ಕುಶಲಕರ್ಮಿಗಳ ಸಂಘಗಳದು. ಅಂಥ ಸಂಘ ನಮ್ಮಲ್ಲೂ ಇತ್ತು. ಮಲಪ್ರಭೆಯ ದಡದ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಹಲವು ಶತಮಾನಗಳ ಕಾಲ ದಕ್ಷಿಣ ಭಾರತದ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಸುಮಾತ್ರಾದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಊರು, ಭಾಷೆ, ಸರಕು ಬೇರೆ ಬೇರೆಯಾಗಿದ್ದ ವರ್ತಕರಿಗೆ ‘ವೀರಬಣಂಜು ಧರ್ಮ’ ಎಂಬ ಒಂದೇ ಕಟ್ಟಳೆ ಇತ್ತು. ಇದು ನಮ್ಮ ಮೊದಲ ಸುಳಿವು.

ಶ್ರಮಬಿಂದು ಸಾಗರ

ಈಗ ಅದೇ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಕೃಷ್ಣಾತೀರಕ್ಕೆ ಬನ್ನಿ. 1980ರ ದಶಕದಲ್ಲಿ ಇಲ್ಲಿನ ಹೊಳೆ ಮಳೆಗಾಲದಲ್ಲಿ ತುಂಬಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಪಾತ್ರ ಬತ್ತಿ, ದಡದ ಪಂಪ್‌ಸೆಟ್‌ಗಳಿಗೆ ನೀರಿಲ್ಲದಂತಾಗುತ್ತಿತ್ತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸಂಘಟಿತರಾದರು. ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಬ್ಯಾರೇಜು ಕಟ್ಟಿದರು. ಅದರ ಹೆಸರು ‘ಶ್ರಮಬಿಂದು ಸಾಗರ’, ಅಂದರೆ ಬೆವರ ಹನಿಗಳ ಕಡಲು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ನ್ಯಾಮಗೌಡರು 1991ರಲ್ಲಿ ಲೋಕಸಭೆಗೆ ಆಯ್ಕೆಯಾದರು, 2018ರಲ್ಲಿ ತೀರಿಕೊಂಡರು.

ಇಲ್ಲಿರುವ ತೊಡಕನ್ನು ಗಮನಿಸಿ. ನಿಂತ ನೀರಿಗೆ ಹಣ ಕೊಟ್ಟವರು ಯಾರು, ಕೊಡದವರು ಯಾರು ಎಂಬುದು ತಿಳಿಯದು. ‘ಉಳಿದವರು ಕೊಡಲಿ, ನಾನು ನೀರೆತ್ತುತ್ತೇನೆ’ ಎಂದು ಪ್ರತಿಯೊಬ್ಬರೂ ಎಣಿಸಿದರೆ ಬ್ಯಾರೇಜು ಏಳುವುದೇ ಇಲ್ಲ. ಅರ್ಥಶಾಸ್ತ್ರಜ್ಞ ಮ್ಯಾಂಕರ್ ಓಲ್ಸನ್ 1965ರಲ್ಲಿ ವಿವರಿಸಿದ್ದು ಈ ತೊಡಕನ್ನೇ. ಗುಂಪು ದೊಡ್ಡದಾದಷ್ಟೂ ಇದು ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಅಕ್ಕಪಕ್ಕದ ಹೊಲದವರು ಸೇರಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಯಾರು ಬುಟ್ಟಿ ಹೊತ್ತರು, ಯಾರು ಬರಲೇ ಇಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇದು ಎರಡನೆಯ ಸುಳಿವು.

ಆಟದ ಲೆಕ್ಕಪುಸ್ತಕ

ಆನ್‌ಲೈನ್ ಗಿಲ್ಡ್‌ನಲ್ಲಿ ಅಕ್ಕಪಕ್ಕದ ಹೊಲಗಳಿಲ್ಲ. ಹಾಗಾದರೆ ಅಲ್ಲಿ ನೆರೆಹೊರೆಯ ಕಣ್ಣಿನ ಕೆಲಸ ಮಾಡುವುದು ಯಾವುದು? 1999ರಲ್ಲಿ ಬಂದ ‘ಎವರ್‌ಕ್ವೆಸ್ಟ್’ ಆಟದ ಗಿಲ್ಡ್‌ಗಳು ಅಂಕಗಳ ಪದ್ಧತಿಯೊಂದನ್ನು ರೂಪಿಸಿದವು. ದಾಳಿಯಲ್ಲಿ ಪಾಲ್ಗೊಂಡವರಿಗೆ ಅಂಕ. ಗೆದ್ದ ಸಾಮಗ್ರಿ ಬೇಕೆಂದರೆ ಆ ಅಂಕವನ್ನೇ ತೆರಬೇಕು. ದುಡಿಮೆಗೆ ತಕ್ಕ ಪಾಲು, ಅದೂ ಎಲ್ಲರಿಗೂ ಕಾಣುವ ಲೆಕ್ಕದಲ್ಲಿ.

2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇನ್ನೊಂದು ಪಾಠ ಕಲಿಸಿತು. ಅದರಲ್ಲಿ ಏಟನ್ನು ತಡೆಯುವವರು, ಗಾಯ ಮಾಯಿಸುವವರು, ಎದುರಾಳಿಯನ್ನು ಹೊಡೆಯುವವರು ಎಂದು ಪಾತ್ರಗಳಿವೆ. ಆರಂಭದಲ್ಲಿ ದೊಡ್ಡ ದಾಳಿಗೆ 40 ಜನ ಬೇಕಿತ್ತು. 2007ರಲ್ಲಿ ಹೊಸ ದಾಳಿಗಳ ಮಿತಿ 25ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ: 40 ಜನರಿಂದ 25ರ ಎರಡು ತಂಡ ಆಗುವುದಿಲ್ಲ, ಒಂದು ತಂಡವಾದರೆ 15 ಜನಕ್ಕೆ ಕೆಲಸವಿಲ್ಲ. ಸ್ನೇಹ ಗಟ್ಟಿಯಾಗಿದ್ದ ಗಿಲ್ಡ್‌ಗಳೂ ಆಗ ಬಿರುಕು ಬಿಟ್ಟವು.

ಭೌತವಿಜ್ಞಾನಿಗಳ ಉತ್ತರ

2009ರಲ್ಲಿ ನೀಲ್ ಜಾನ್ಸನ್ ಮತ್ತು ಸಂಗಡಿಗರು ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಆನ್‌ಲೈನ್ ಗಿಲ್ಡ್‌ಗಳ ಮತ್ತು ಅಮೆರಿಕದ ಬೀದಿ ಗ್ಯಾಂಗ್‌ಗಳ ದತ್ತಾಂಶವನ್ನು ಅವರು ಎರಡು ಮಾದರಿಗಳೊಡನೆ ಹೋಲಿಸಿದರು. ಒಂದು, ತಮ್ಮಂಥವರನ್ನೇ ಹುಡುಕಿ ಸೇರುವುದು. ಇನ್ನೊಂದು, ತಮ್ಮ ಕೌಶಲದ ಕೊರತೆ ಇರುವ ತಂಡವನ್ನು ಸೇರುವುದು. ಎರಡನೆಯ ಮಾದರಿ ಎರಡೂ ಬಗೆಯ ಗುಂಪುಗಳಿಗೆ ಹೊಂದಿತು. ಮೊದಲನೆಯದಕ್ಕೆ ಪುರಾವೆ ಸಿಗಲಿಲ್ಲ.

ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಹೊಸ ಮಾತಲ್ಲ. ನೂಲಿಗೆ ಬಣ್ಣ ಕೊಡುವವರು, ಹಾಸು ಹಾಕುವವರು, ಕಂಡಿಕೆ ಸುತ್ತುವವರು, ನೇಯುವವರು ಎಲ್ಲರೂ ಸೇರಿದರೆ ಸೀರೆ. ಎಲ್ಲರೂ ಮಗ್ಗದ ಮುಂದೆಯೇ ಕುಳಿತರೆ ಕಂಡಿಕೆ ಸುತ್ತುವವರು ಯಾರು?

ಹಾಗೆಂದು ಪಾತ್ರ ಹಂಚಿಕೆಯಷ್ಟೇ ಸಾಲದು. ನೇಪಾಳದ ರೈತರ ನೀರಾವರಿ ವ್ಯವಸ್ಥೆಗಳೂ ಸೇರಿದಂತೆ ಹಲವು ಸಮುದಾಯಗಳನ್ನು ಅಭ್ಯಸಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹುಕಾಲ ಬಾಳಿದ ಸಂಘಗಳಲ್ಲಿ ಅವರು ಕಂಡ ಗುಣಗಳಿವು: ಯಾರು ಸದಸ್ಯರೆಂಬ ಸ್ಪಷ್ಟತೆ, ಹೊರೆಗೆ ತಕ್ಕ ಲಾಭ, ನಿಯಮ ರೂಪಿಸುವಲ್ಲಿ ಸದಸ್ಯರ ಪಾಲು, ಪರಸ್ಪರ ನಿಗಾ, ಮೊದಲ ತಪ್ಪಿಗೆ ಸಣ್ಣ ದಂಡ, ಜಗಳ ಬೇಗ ಬಗೆಹರಿಯುವ ವ್ಯವಸ್ಥೆ. ನಾವು ಕಂಡ ಎರಡು ಸುಳಿವುಗಳೂ ಈ ಪಟ್ಟಿಯಲ್ಲಿವೆ.

ಆದ್ದರಿಂದ ಯಾವುದೇ ಸಂಘ ಸೇರುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ನನ್ನಿಂದಲೇ ಆಗಬೇಕಾದ ಕೆಲಸವಿದೆಯೇ? ಯಾರು ಎಷ್ಟು ದುಡಿದರೆಂಬ ಲೆಕ್ಕ ಎಲ್ಲರಿಗೂ ತೆರೆದಿದೆಯೇ? ನಿಯಮ ಬದಲಿಸುವಾಗ ನನ್ನ ಮಾತಿಗೂ ಎಡೆಯಿದೆಯೇ?

ಶಿಕ್ಷಕರೇ, ಜೂನ್‌ನಲ್ಲಿ ಉದ್ಘಾಟನೆಯಾಗಿ ಆಗಸ್ಟ್ ಹೊತ್ತಿಗೆ ಹೆಸರಿಗಷ್ಟೇ ಉಳಿಯುವ ಶಾಲಾ ವಿಜ್ಞಾನ ಸಂಘಗಳಿಗೂ ಇದೇ ಪರೀಕ್ಷೆ. ಜಮಖಂಡಿಯಾಗಲಿ, ಮುಧೋಳ, ಬೀಳಗಿಯಾಗಲಿ, ಅಧ್ಯಕ್ಷ, ಕಾರ್ಯದರ್ಶಿಗಳ ಪಟ್ಟಿಯಿಂದ ಸಂಘ ಉಳಿಯದು. ಒಬ್ಬಳಿಗೆ ಮಳೆಮಾಪಕ, ಒಬ್ಬನಿಗೆ ದೂರದರ್ಶಕ, ಮತ್ತೊಬ್ಬರಿಗೆ ದಾಖಲೆ ಪುಸ್ತಕ ಕೊಡಿ. ಲೆಕ್ಕವನ್ನು ಗೋಡೆಗೆ ಅಂಟಿಸಿ. ನಿಯಮಗಳನ್ನು ಮಕ್ಕಳೇ ಬರೆಯಲಿ. ಗಿಲ್ಡ್‌ನಲ್ಲಿ ಆಡುವ ಹುಡುಗರನ್ನೂ ಕರೆದು ಸಲಹೆ ಕೇಳಿ. ಹೇಳಲು ಅವರ ಬಳಿ ಅನುಭವವಿದೆ.