ಎಂಜಿನ್ ರಿಪೇರಿಗೆ ಕ್ಯಾಬನ್ನೇ ಎತ್ತುವ ಕಾಲ ಬಂದದ್ದು ಹೇಗೆ?

ಪಿಕಪ್ ಟ್ರಕ್ಕಿನ ಹೆಡ್ ಗ್ಯಾಸ್ಕೆಟ್ ಹೋದರೆ ಏನ್ಮಾಡ್ತಾರೆ? ಬಾನೆಟ್ ಎತ್ತಿ ರಿಪೇರಿ ಮಾಡ್ತಾರೆ ಅಂತೀರಿ. ಆದರೆ ಅಮೆರಿಕದ ಎಷ್ಟೋ ಗ್ಯಾರೇಜುಗಳಲ್ಲಿ ಡ್ರೈವರ್ ಕೂರುವ ಇಡೀ ಕ್ಯಾಬನ್ನೇ ಚಾಸಿಯಿಂದ ಮೇಲಕ್ಕೆ ಎತ್ತುತ್ತಾರೆ. ಯಾಕೆ? ಇವತ್ತು ಅದನ್ನೇ ನೋಡೋಣ.

1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. ನಾಲ್ಕೂ ಸಿಲಿಂಡರ್ ಒಂದೇ ಬ್ಲಾಕಿನಲ್ಲಿ, ಮೇಲಿನ ಹೆಡ್ ಮಾತ್ರ ಬಿಚ್ಚಿ ತೆಗೆಯುವಂಥದ್ದು. ಬೋಲ್ಟ್ ಬಿಚ್ಚಿದರೆ ವಾಲ್ವು, ಪಿಸ್ಟನ್ನು ಕಣ್ಣೆದುರಿಗೇ. 1925ರಲ್ಲಿ ಫೋರ್ಡ್ ಕಂಪನಿ ಫ್ಯಾಕ್ಟರಿಯಲ್ಲೇ ತಯಾರಿಸಿ ಮಾರಿದ ಮೊದಲ ಪಿಕಪ್ ಕೂಡ ಇದೇ ಮಾಡೆಲ್ ಟಿ. ಆಗ ಎಂಜಿನ್ ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗ ಇತ್ತು.

ಈಗ 2003ಕ್ಕೆ ಬನ್ನಿ. ಫೋರ್ಡಿನ ಸೂಪರ್ ಡ್ಯೂಟಿ ಪಿಕಪ್‌ಗೆ ನ್ಯಾವಿಸ್ಟಾರ್ ಕಂಪನಿ ತಯಾರಿಸಿದ 6.0 ಲೀಟರ್ ಡೀಸೆಲ್ ವಿ-8 ಬಂತು. 32 ವಾಲ್ವ್, ಟರ್ಬೊ, ಹೊಗೆ ನಿಯಮಕ್ಕಾಗಿ ಇಜಿಆರ್ ಕೂಲರ್. ಎಂಜಿನ್ನಿನ ಹಿಂಭಾಗ ಕ್ಯಾಬಿನ ಅಡಿಗೇ ಹೊಕ್ಕಿತ್ತು. ಆಯಿಲ್ ಕೂಲರ್ ಕಟ್ಟಿಕೊಂಡರೆ ಇಜಿಆರ್ ಕೂಲರಿಗೆ ಕೂಲೆಂಟ್ ಸಾಲದು; ಅದು ಒಡೆದು, ಕೊನೆಗೆ ಹೆಡ್ ಗ್ಯಾಸ್ಕೆಟ್ಟಿಗೂ ಪೆಟ್ಟು ಬೀಳುತ್ತಿತ್ತು.

ಮೆಕ್ಯಾನಿಕ್ ಮುಂದೆ ಈಗ ಮೂರು ದಾರಿ. ಒಂದು, ಕ್ಯಾಬ್ ಇದ್ದಲ್ಲೇ ಇರಲಿ ಅಂತ ಎಂಜಿನ್ ಮೇಲೆ ಬೋರಲಾಗಿ ಮಲಗಿ, ಹಿಂದಿನ ಮೂಲೆಯ ಬೋಲ್ಟುಗಳಿಗೆ ತಡಕಾಡುತ್ತಾ ಮಾಡುವುದು. ಎರಡು, ಸ್ಟೇರಿಂಗ್ ಶಾಫ್ಟ್, ವೈರಿಂಗ್, ಪೈಪುಗಳನ್ನು ಬಿಡಿಸಿ, ಎರಡು ಕಂಬದ ಲಿಫ್ಟಿನಲ್ಲಿ ಕ್ಯಾಬ್ ಎತ್ತುವುದು. ಮೂರು, ಎಂಜಿನ್ನನ್ನೇ ಹೊರಗೆಳೆಯುವುದು. ಕ್ರ್ಯಾಂಕು, ಬೇರಿಂಗು ಹೋಗಿದ್ದರೆ ಸಾಮಾನ್ಯವಾಗಿ ಇದೇ ಗತಿ.

ಬರೀ ಕೂಲರ್ ಬದಲಿಸೋಕೆ ಕ್ಯಾಬ್ ಎತ್ತಬೇಕಿಲ್ಲ. ಎರಡೂ ಹೆಡ್ ಇಳಿಸಬೇಕು ಅಂದಾಗ ಲೆಕ್ಕ ಬದಲಾಗುತ್ತೆ. ಲಿಫ್ಟ್ ಇದೆಯಾ? ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯದ ಗಾಡಿಯಾ? ಹಾಗಿದ್ದರೆ ತುಕ್ಕು ಹಿಡಿದ ಕ್ಯಾಬ್ ಬೋಲ್ಟ್ ಮುರಿದು ಇನ್ನೊಂದು ತಲೆನೋವು.

ಕೂಲಿಯ ಲೆಕ್ಕವೂ ಇದೆ. ಅಲ್ಲಿ ಅನೇಕ ಗ್ಯಾರೇಜುಗಳಲ್ಲಿ ‘ಫ್ಲಾಟ್ ರೇಟ್’. ಪುಸ್ತಕದಲ್ಲಿ 20 ಗಂಟೆ ಅಂತ ಬರೆದಿದ್ದರೆ, 15ರಲ್ಲಿ ಮುಗಿಸಿದರೂ 20ರ ಕೂಲಿ, 30 ಹಿಡಿದರೂ 20ರದ್ದೇ. ಹಾಗಾಗಿ ಕ್ಯಾಬ್ ಎತ್ತುವುದು ಆಡಂಬರ ಅಲ್ಲ. ಬೆನ್ನೂ ಉಳಿಯುತ್ತೆ, ಸಂಬಳವೂ ಉಳಿಯುತ್ತೆ. ಕೆಲಸವೂ ಚೊಕ್ಕ: ಗ್ಯಾಸ್ಕೆಟ್ ಕೂರುವ ಜಾಗ ಪೂರ್ತಿ ಒರೆಸಬಹುದು, ಬೋಲ್ಟ್ ಸರಿಯಾಗಿ ಬಿಗಿಯಬಹುದು.

ಆದರೆ ಯಾವ ದಾರಿ ಹಿಡಿದರೂ ಮೂಲ ಕಾರಣವಾದ ಕೂಲರ್ ಬದಲಿಸದೆ ಬರೀ ಗ್ಯಾಸ್ಕೆಟ್ ಹಾಕಿದರೆ ಗಾಡಿ ಮತ್ತೆ ವಾಪಸ್ ಬರುತ್ತೆ. ಆಗ ದಂಡ ಕಟ್ಟುವವರು ಮಾಲೀಕ, ಇಲ್ಲವೇ ಮೆಕ್ಯಾನಿಕ್.

2007ರಲ್ಲಿ ಫೋರ್ಡ್ ಮತ್ತು ನ್ಯಾವಿಸ್ಟಾರ್ ವಾರಂಟಿ ಖರ್ಚಿನ ಜಗಳಕ್ಕೆ ಕೋರ್ಟ್ ಮೆಟ್ಟಿಲೇರಿದವು, 2009ರಲ್ಲಿ ರಾಜಿಯಾಯಿತು. 2011ರ ಮಾಡೆಲ್‌ನಿಂದ ಫೋರ್ಡ್ ತನ್ನದೇ 6.7 ಲೀಟರ್ ಡೀಸೆಲ್ ತಂದಿತು. ಅದರ ದೊಡ್ಡ ರಿಪೇರಿಗೂ ಕ್ಯಾಬ್ ಎತ್ತುವವರು ಇದ್ದಾರೆ.

ಕೋಡ್ ಬರೆದವರು ಒಬ್ಬರು, ರಾತ್ರಿ ಎದ್ದು ಪ್ರೊಡಕ್ಷನ್ ಸರಿ ಮಾಡುವವರು ಇನ್ನೊಬ್ಬರು ಅನ್ನೋದು ನಿಮಗೆ ಗೊತ್ತೇ ಇದೆ. ಡ್ರಾಯಿಂಗ್ ಹಾಳೆಯಲ್ಲಿ ಉಳಿಸಿದ ಎರಡು ಇಂಚು ಜಾಗದ ಬೆಲೆಯನ್ನು ವರ್ಷಗಳ ನಂತರ ತೆರುವವನು ಗ್ಯಾರೇಜಿನ ಮೆಕ್ಯಾನಿಕ್. ಮತ್ತೆ ಸಿಗೋಣ.