ಶೇಡಿ: ಗೋಡೆಯಿಂದ ಗುಡ್ಡಕ್ಕೆ

ಬಂಟ್ವಾಳದ ಕಡೆ ಬಾವಿ ತೋಡಿಸುವ ಯಜಮಾನನಿಗೆ ಕೇಳಲು ಇಷ್ಟವಿಲ್ಲದ ಮಾತುಗಳು ಎರಡು. ಒಂದು, ಕರಿಕಲ್ಲು ಸಿಕ್ಕಿತು ಎನ್ನುವುದು. ಇನ್ನೊಂದು, ಶೇಡಿ ಸಿಕ್ಕಿತು ಎನ್ನುವುದು. ಕರಿಕಲ್ಲಾದರೆ ಖರ್ಚು ಮಾತ್ರ. ಶೇಡಿಯಾದರೆ ಖರ್ಚಿನ ಜೊತೆಗೆ ಹೆದರಿಕೆಯೂ ಇದೆ. ನಮ್ಮ ಬಾವಿ ಅರ್ಧ ಇಳಿದಿದ್ದಾಗ ಒಳಗಿನಿಂದ "ಅಣ್ಣೇರೆ, ಸೇಡಿ ತಿಕ್ಕ್ಂಡ್" ಎಂಬ ಕೂಗು ಬಂತು. ಕೆಲಸ ಅಲ್ಲಿಗೇ ನಿಂತಿತು. ಮೇಲಿನ ಮುರಕಲ್ಲಿನ ಗೋಡೆ ಗರಗಸದಲ್ಲಿ ಕೊಯ್ದಂತೆ ನೆಟ್ಟಗೆ ನಿಂತಿತ್ತು. ಅದರ ಕೆಳಗೆ ತುಸು ಬಿಳಿ, ತುಸು ಗುಲಾಬಿ, ಅಲ್ಲಲ್ಲಿ ಹಳದಿ ಗೆರೆ ಎಳೆದ ಮೆತ್ತನೆಯ ಮಣ್ಣು ನೀರು ತಾಗಿದ ಕಡೆಯಲ್ಲೆಲ್ಲ ಹೋಳುಹೋಳಾಗಿ ಜಾರುತ್ತಿತ್ತು. ಇನ್ನು ಸಿಮೆಂಟಿನ ರಿಂಗ್ ಇಳಿಸದೆ ಉಪಾಯವಿಲ್ಲ ಎಂದು ತೀರ್ಮಾನವಾಯಿತು.

ಬುಟ್ಟಿಯಲ್ಲಿ ಮೇಲೆ ಬಂದ ಆ ಮಣ್ಣನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಬಾವಿಯಲ್ಲ, ಅಜ್ಜಿಯ ಮನೆಯ ಗೋಡೆ. ದೀಪಾವಳಿಗೆ ಮೊದಲು ಅಜ್ಜಿ ಗುಡ್ಡೆಯ ಬದಿಯ ಒಂದು ಗುಂಡಿಯಿಂದ ಶೇಡಿ ತರಿಸುತ್ತಿದ್ದರು. ಹೆಂಟೆಗಳನ್ನು ಹಳೆಯ ಕಡಾಯಿಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಚೆಲ್ಲಿ, ಹಾಲಿನಂಥ ನೀರನ್ನು ತೆಂಗಿನ ಸಿಪ್ಪೆಯ ಕುಂಚದಿಂದ ಗೋಡೆಗೆ ಬಳಿಯುತ್ತಿದ್ದರು. ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಶೇಡಿ. ಒದ್ದೆ ಇರುವಾಗ ಅದು ಬರೀ ಕೆಸರಿನ ಬಣ್ಣ. ಒಣಗಿದ ಮೇಲೆಯೇ ಬೆಳ್ಳಗಾಗುವುದು, ಅದೂ ಸುಣ್ಣದ ಹಾಗೆ ಕಣ್ಣು ಕುಕ್ಕುವ ಬಿಳಿಯಲ್ಲ, ಬೆಂದ ಕುಚ್ಚಲಕ್ಕಿಯ ಬಿಳಿ. ಒರಗಿ ಕೂತವರ ಅಂಗಿಗೆ ಅದರ ಪಾಲು ಹೋಗುತ್ತಿತ್ತು. ಒಣ ಹೆಂಟೆಯನ್ನು ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತಿತ್ತು. ಮಕ್ಕಳೆಲ್ಲ ಅದನ್ನು ಪರೀಕ್ಷಿಸಿ ನೋಡಿದವರೇ.

ಒಂದೇ ಮಣ್ಣು ಅಲ್ಲಿ ಹಬ್ಬ, ಇಲ್ಲಿ ಹೆದರಿಕೆ. ಈ ಪದವನ್ನು ಬೆನ್ನಟ್ಟಲು ಹೊರಟದ್ದು ಹಾಗೆ.

ತುಳುವಿನಲ್ಲಿ ಸೇಡಿ, ಶೇಡಿ ಎರಡೂ ಉಂಟು. ಸಕಾರ ಶಕಾರವಾಗುವುದು ನಮ್ಮ ಕರಾವಳಿಗೆ ಹೊಸತಲ್ಲ. ಪ್ರಾಕೃತದ ಸೆಟ್ಠಿ ಕನ್ನಡದಲ್ಲಿ ಸೆಟ್ಟಿಯಾಗಿ ಉಳಿದು, ಬಂಟ್ವಾಳಕ್ಕೆ ಬರುವಷ್ಟರಲ್ಲಿ ಶೆಟ್ಟಿಯಾದದ್ದನ್ನು ನೋಡಿದರೆ ಸಾಕು. ಸೆಟ್ಟಿ ಬಂದ ದಾರಿಯಲ್ಲೇ ಸೇಡಿಯೂ ಬಂದಿತೆಂದು ನನ್ನ ನಂಬಿಕೆ. ಪ್ರಾಕೃತದಲ್ಲಿ ಸೇಡಿಯಾ ಎಂದರೆ ಬಿಳಿಮಣ್ಣು. ಜೈನರ ಶ್ವೇತಾಂಬರ ಆಗಮಗಳಾದ ಆಚಾರಾಂಗ, ದಶವೈಕಾಲಿಕ ಎರಡರಲ್ಲಿಯೂ ಈ ಪದ ಸಿಗುತ್ತದೆ. ಸಿಗುವ ಸಂದರ್ಭವಂತೂ ಸೊಗಸಾಗಿದೆ. ಭಿಕ್ಷೆ ನೀಡಲು ಬಂದವರ ಕೈಗೆ ಹಸಿಮಣ್ಣು, ಉಪ್ಪು, ಗೈರಿಕ (ಕಾವಿಮಣ್ಣು), ಹಳದಿಮಣ್ಣು, ಸೇಡಿಯಾ ಇತ್ಯಾದಿ ಮೆತ್ತಿಕೊಂಡಿದ್ದರೆ ಆ ಕೈಯಿಂದ ಸಾಧು ಭಿಕ್ಷೆ ಪಡೆಯಬಾರದು. ಮಣ್ಣಿನಲ್ಲೂ ಜೀವವಿದೆ, ಪೃಥ್ವೀಕಾಯ ಜೀವ; ಅದಕ್ಕೆ ನೋವಾಗಬಾರದು ಎನ್ನುವುದು ಕಾರಣ. ಅಜ್ಜಿಯ ಮೊಣಕೈವರೆಗೆ ಮೆತ್ತಿದ್ದ ಶೇಡಿ ಎರಡು ಸಾವಿರ ವರ್ಷ ಹಿಂದಿನ ಯಾವಳೋ ಗೃಹಿಣಿಯ ಕೈಗೂ ಮೆತ್ತಿತ್ತು, ಅದಕ್ಕೇ ನಿಯಮ ಬೇಕಾಯಿತು.

ನಮ್ಮ ಪಕ್ಕದ ಮೂಡುಬಿದಿರೆಯ ಜೈನರು ದಿಗಂಬರರು, ಈ ಆಗಮಗಳು ಅವರವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಆದರೆ ಪ್ರಾಕೃತಕ್ಕೆ ಮೂಡುಬಿದಿರೆಗಿಂತ ಆಪ್ತವಾದ ಊರು ಈ ಕರಾವಳಿಯಲ್ಲಿ ಇನ್ನೊಂದಿಲ್ಲ. ದಿಗಂಬರರ ಪ್ರಾಕೃತ ಗ್ರಂಥ ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಟೀಕೆ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದದ್ದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಅದರ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಆ ಟೀಕೆಯ ಹೆಸರು ಧವಲಾ. ಧವಲ ಎಂದರೂ ಬಿಳಿಯೇ. ಇದರಿಂದ ಏನೂ ಸಾಬೀತಾಗುವುದಿಲ್ಲ, ಹೇಳದೆ ಬಿಡಲು ಮನಸ್ಸಾಗಲಿಲ್ಲ ಅಷ್ಟೆ.

ಪದಕ್ಕೆ ದಾಯಾದಿಗಳೂ ಇದ್ದಾರೆ. ಗಣೇಶನ ಮೂರ್ತಿಗೆ ಮರಾಠಿಯವರು ಬಳಸುವ ಬಿಳಿಮಣ್ಣು ಶಾಡು. ಅದನ್ನು ಕೇಳಿದ ಯಾವ ತುಳುವನೂ ನೆಂಟಸ್ತಿಕೆ ಗುರುತಿಸದೆ ಇರಲಾರ. ಘಟ್ಟದ ಮೇಲಿನ ಕನ್ನಡದಲ್ಲಿ ಇದೇ ಸೇಡಿ ಜೇಡಿಯಾಯಿತು. ಅಲ್ಲಿ ಅದಕ್ಕೊಂದು ವಿಚಿತ್ರ ಗತಿ ಬಂತು. ಗೋಡೆಗೆ ಬಳಿಯುವ ಬಿಳಿಮಣ್ಣಿನ ಹೆಸರಾಗಿದ್ದ ಜೇಡಿ, ಶಾಲೆಯ ಪುಸ್ತಕ ಸೇರಿದ ಮೇಲೆ ಅಂಟುವ ಮಣ್ಣಿಗೆಲ್ಲ ಹೆಸರಾಯಿತು. ಕಪ್ಪಾದರೂ ಜೇಡಿ, ಕೆಂಪಾದರೂ ಜೇಡಿ. ಅಂದರೆ ಬಣ್ಣ ಬಿಟ್ಟು ಗುಣ ಹಿಡಿಯಿತು. ದಕ್ಷಿಣ ಕನ್ನಡದಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಂಟುವ ಮಣ್ಣಿಗೆ ಇಲ್ಲಿ ಬೇರೆ ಹೆಸರು ಆಗಲೇ ಇತ್ತು: ಆವೆಮಣ್ಣು. ಕುಂಬಾರನ ಮಡಕೆಗೂ, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಗೂ ಹೋದದ್ದು ಆವೆಮಣ್ಣು. ಅದು ನೇತ್ರಾವತಿ, ಗುರುಪುರ ಹೊಳೆಗಳು ತಂದು ಹರಡಿದ ಮಣ್ಣು. ಶೇಡಿಯನ್ನು ಯಾವ ಹೊಳೆಯೂ ತಂದದ್ದಲ್ಲ. ಅದು ಇದ್ದಲ್ಲೇ ಹುಟ್ಟಿದ್ದು.

ಹುಟ್ಟಿದ್ದು ಹೇಗೆ ಎಂದು ನೋಡಬೇಕಾದರೆ ಬೆಳ್ತಂಗಡಿಗೆ ಹೋಗಬೇಕು. ಗಡಾಯಿಕಲ್ಲು ಕಾಣುತ್ತದಲ್ಲ, ಟಿಪ್ಪು ಜಮಾಲಾಬಾದ್ ಕೋಟೆ ಕಟ್ಟಿದ ಆ ಬೋಳುಬಂಡೆ, ಅದು ಶೇಡಿಯ ತಾಯಿಯ ಕಡೆಯವರು. ಅಂಥದೇ ಗಡಸು ಕಲ್ಲು ನೆಲದಡಿ ಮಲಗಿ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ ಲಕ್ಷಾಂತರ ವರ್ಷ ನೆಂದರೆ ಅದರೊಳಗಿನ ಸುಣ್ಣ, ಪೊಟ್ಯಾಶ್, ಮೆಗ್ನೀಸಿಯಂ ತೊಳೆದು ಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಮೇಲುಗಡೆ ಗಟ್ಟಿಯಾಗಿ ಮುರಕಲ್ಲಾಗುತ್ತವೆ. ಕೆಳಗೆ, ಕಲ್ಲಿನ ಫೆಲ್ಡ್‌ಸ್ಪಾರ್ ಹರಳುಗಳು ಕೊಳೆತು ಕೆಯೊಲಿನ್ ಎಂಬ ಬಿಳಿಜೇಡಿಯಾಗುತ್ತವೆ. ಅದೇ ಶೇಡಿ. ಹೊಸದಾಗಿ ಕಡಿದ ಶೇಡಿಯ ಗೋಡೆಯಲ್ಲಿ ಹಳೆಯ ಕಲ್ಲಿನ ಗೆರೆಗಳು ಹಾಗೆಯೇ ಕಾಣುತ್ತವೆ, ಬೆರಳಿನಿಂದ ಒತ್ತಿದರೆ ಮಾತ್ರ ಪುಡಿ. ಹೆಸರು ಹತ್ತಿರವಾದರೂ ಶೇಡಿ ಶೇಲ್ ಅಲ್ಲ. ಪದರುಪದರಾದ ಶೇಲ್ ಕಲ್ಲು ನಮ್ಮಲ್ಲಿಲ್ಲ, ಅದು ಬಾಗಲಕೋಟೆ, ಕಲಬುರಗಿ ಕಡೆಯ ಸರಕು. ಶೇಲ್ ಎಂದರೆ ಕೆಸರು ಕಲ್ಲಾದದ್ದು. ಶೇಡಿ ಎಂದರೆ ಕಲ್ಲು ಕೆಸರಾದದ್ದು.

ಮೇಲಿನ ಮುರಕಲ್ಲಿನ ಬಯಲಿಗೆ ತುಳುವರು ಇಟ್ಟ ಹೆಸರು ಪದವು. ಬಂಟ್ವಾಳ ತಾಲೂಕಿನ ವಾಮದಪದವು ಹೆಸರಿನಲ್ಲಿಯೇ ಅದನ್ನು ಹೊತ್ತುಕೊಂಡಿದೆ. ಗದ್ದೆ ಕೆಲಸವಿಲ್ಲದ ದಿನ ದನಗಳನ್ನು ಅಟ್ಟುತ್ತಿದ್ದದ್ದು ಇಂಥ ಪದವುಗಳಿಗೆ, ಮಾಡಿಗೆ ಮುಳಿಹುಲ್ಲು ಕೊಯ್ದು ತರುತ್ತಿದ್ದದ್ದೂ ಅಲ್ಲಿಂದಲೇ. ಮಣ್ಣು ಹುಳಿ, ಪಿಎಚ್ 5ರ ಆಸುಪಾಸು. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ನೇರಳೆ ಬಣ್ಣದ ಅಗಲ ಹೂವಿನ ನೆಕ್ಕರಿಕ ಮಾತ್ರ ಅಲ್ಲಿ ಸೊಕ್ಕಿ ಬೆಳೆಯುತ್ತದೆ. ಬೇರೆ ಗಿಡಗಳಿಗೆ ವಿಷವಾಗುವ ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ಕೂಡಿಟ್ಟುಕೊಂಡು ಬಾಳುವ ಜಾತಿ ಅದು. ಅದು ದಟ್ಟವಾಗಿರುವ ಕಡೆ ನೆಲ ಹುಳಿ ಎಂದು ಲ್ಯಾಬಿಗೆ ಹೋಗದೆ ಹೇಳಬಹುದು.

1801ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಜಮಾಲಾಬಾದ್, ವೇಣೂರು, ಮೂಡುಬಿದಿರೆಗಳ ಈ ದಾರಿಯಲ್ಲೇ ಹೋದ. ಮಲಬಾರಿನಲ್ಲಿ ಮುರಕಲ್ಲನ್ನು ನೋಡಿ, ಇಟ್ಟಿಗೆಕಲ್ಲು ಎಂಬ ದೇಶದ ಹೆಸರನ್ನೂ ತಿಳಿದುಕೊಂಡು, ಲ್ಯಾಟಿನ್ನಿನ ಇಟ್ಟಿಗೆಯಿಂದ ಲ್ಯಾಟರೈಟ್ ಎಂದು ಹೆಸರಿಟ್ಟವನು ಅವನು. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ಮೇಲಿನ ಕಲ್ಲಿಗೆ ಹೀಗೆ ದೇಶೀ ಮಾತೊಂದು ವೇಷ ಬದಲಿಸಿ ವಿಲಾಯಿತಿಗೆ ಹೋಯಿತು. ಕೆಳಗಿನ ಮಣ್ಣಿಗೆ ಭೂವಿಜ್ಞಾನಿಗಳು ಲಿಥೋಮಾರ್ಜ್ ಎಂಬ ಯೂರೋಪಿನ ಹಳೆಯ ಹೆಸರನ್ನೇ ಉಳಿಸಿಕೊಂಡರು. ಶೇಡಿಗೆ ಆಗ ಯಾರೂ ಸೀಟು ಕೊಡಲಿಲ್ಲ.

ಗೋಡೆಯ ಮೇಲಿನ ಸೀಟನ್ನೂ ಅದು ಕಳೆದುಕೊಂಡಿತು. ಕೈಯಲ್ಲಿ ನಾಲ್ಕು ಕಾಸಿದ್ದವರು ಚಿಪ್ಪಿನ ಸುಣ್ಣ ಬಳಿದರು, ಮತ್ತೆ ಡಿಸ್ಟೆಂಪರ್ ಬಂತು, ಮತ್ತೆ ಪೈಂಟು. ನಮ್ಮ ಬಾಲ್ಯಕ್ಕಾಗುವಾಗ ಶೇಡಿ ಬಳಿದ ಮನೆ ಎಂದರೆ ಬಡವರ ಮನೆ. ಸುಣ್ಣ, ಶೇಡಿ ಎರಡೂ ಬಿಳಿ, ಆದರೆ ಸ್ವಭಾವ ತದ್ವಿರುದ್ಧ. ಸುಣ್ಣ ಕ್ಷಾರ, ಶೇಡಿ ಹುಳಿ. ಅಡಿಕೆ ತೋಟದ ಹುಳಿ ಕಳೆಯಲು ಇಂದಿಗೂ ಬೇಕಾಗುವುದು ಸುಣ್ಣವೇ.

ಇಷ್ಟಕ್ಕೆ ಮುಗಿಯಬೇಕಿದ್ದ ಪದಕ್ಕೆ ಎರಡನೆಯ ಆಯುಸ್ಸು ಬಂದದ್ದು ಸುರತ್ಕಲ್ಲಿನಿಂದ. ಅಲ್ಲಿಯ ತಾಂತ್ರಿಕ ಸಂಸ್ಥೆ ಎನ್‌ಐಟಿಕೆಯ ಸಿವಿಲ್ ಇಂಜಿನಿಯರುಗಳು ಕರಾವಳಿಯ ಈ ಮಣ್ಣಿನ ಬಗ್ಗೆ ಬರೆಯುವಾಗ ಇಂಗ್ಲಿಷ್ ಲೇಖನಗಳಲ್ಲೇ ಶೇಡಿ ಸಾಯಿಲ್ ಎಂದು ಬರೆಯತೊಡಗಿದರು. ಒಣಗಿರುವಾಗ ಗಟ್ಟಿ, ನೀರು ಹೊಕ್ಕರೆ ಬಲವೆಲ್ಲ ಖಾಲಿ, ಒಳಗಿನ ಹುಡಿ ನೀರಿನೊಂದಿಗೇ ಹರಿದುಹೋಗಿ ಪೊಳ್ಳು ಬೀಳುವುದು: ಬಾವಿ ತೋಡುವವನಿಗೆ ಗೊತ್ತಿದ್ದದ್ದೆಲ್ಲ ಅಳತೆಗೆ ಸಿಕ್ಕಿತು. ಇದಕ್ಕೆ ಬಲ ತುಂಬಲು ಅವರು ಪರೀಕ್ಷಿಸಿ ನೋಡಿದ ವಸ್ತುಗಳಲ್ಲಿ ಸುಣ್ಣವೂ ಒಂದು. ಗೋಡೆಯಿಂದ ತನ್ನನ್ನು ಓಡಿಸಿದವನ ಜೊತೆಗೇ ಶೇಡಿ ಈಗ ರಸ್ತೆಯಡಿಯಲ್ಲಿ ಸಂಸಾರ ಮಾಡಬೇಕು.

ಮುರಕಲ್ಲಿನ ಟೊಪ್ಪಿ ಇರುವವರೆಗೆ ಶೇಡಿ ಸುಮ್ಮನಿರುತ್ತದೆ. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗಲೇ ಅದು ಬಯಲಿಗೆ ಬರುವುದು. ಮೊದಲ ಜಡಿಮಳೆ ಕುಳಿತಾಗ ಮೇಲಿನ ಕಲ್ಲು ಸಮೇತ ಇಳಿಯುತ್ತದೆ. ಮಂಗಳೂರಿನಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಬರುವವರು ಕೆತ್ತಿಕಲ್ಲಿನಲ್ಲಿ ಕಿಟಕಿಯಿಂದ ಹೊರಗೆ ನೋಡಬೇಕು. ಕೆಂಪಿನ ಕೆಳಗೆ ಗುಲಾಬಿ, ಅದರ ಕೆಳಗೆ ಬಿಳಿ. ಅಂಥ ಗುಡ್ಡಗಳ ಕೆಳಗೆ ಮನೆ ಇರುವವರು ಜೂನ್ ಬಂದರೆ ಶೇಡಿ ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಆಡುತ್ತಾರೆ. ಅವರಲ್ಲಿ ಚಿಕ್ಕವರಿಗೆ ಅದು ಗೋಡೆಗೆ ಬಳಿಯುವ ವಸ್ತುವೂ ಹೌದೆಂಬುದು ಗೊತ್ತಿಲ್ಲ.

ಮ್ಯಾನರರ ತುಳು ಕೋಶ 1886ರದ್ದು, ಕಿಟ್ಟೆಲರ ಕನ್ನಡ ಕೋಶ 1894ರದ್ದು. ಆಗ ಗುಡ್ಡವನ್ನು ಇಷ್ಟು ಸಲೀಸಾಗಿ ಸೀಳುವ ಯಂತ್ರವೇ ಇರಲಿಲ್ಲ. ಇನ್ನು ಮುಂದೆ ನಿಘಂಟು ಮಾಡುವವರು ಶೇಡಿಗೆ 'ಬಿಳಿಮಣ್ಣು' ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಸಾಲದು. 'ಮುರಕಲ್ಲಿನ ಅಡಿಯ, ನೀರಿಗೆ ಕುಸಿಯುವ ಮಣ್ಣು' ಎಂಬ ಎರಡನೆಯ ಅರ್ಥವನ್ನೂ ಸೇರಿಸಬೇಕು.

ನಿಘಂಟಿಗಿಂತ ತುರ್ತಿನ ಕೆಲಸವೊಂದಿದೆ. ಮಂಗಳೂರಿನ ಅಶೋಕನಗರದ ಬಳಿ ಶೇಡಿಗುರಿ ಎಂಬ ಜಾಗವಿದೆ. ತುಳುವಿನಲ್ಲಿ ಗುರಿ ಎಂದರೆ ಗುಂಡಿ. ಹಿಂದಿನವರು ಶೇಡಿ ತೆಗೆಯುತ್ತಿದ್ದದ್ದು ಅದು ಮೇಲಕ್ಕೆ ಬಂದು ಕಾಣುತ್ತಿದ್ದ ಕಡೆ. ಇಂಥ ಗುಂಡಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗುಡ್ಡೆಗಳಲ್ಲೂ ಇತ್ತು, ಎಲ್ಲಕ್ಕೂ ಬೋರ್ಡು ಇಲ್ಲ ಅಷ್ಟೆ. ಮನೆಯ ಹಿಂದಿನ ಗುಡ್ಡ ತೆಗೆಸಲು ಜೆಸಿಬಿಗೆ ಫೋನ್ ಮಾಡುವ ಮೊದಲು ಮನೆಯಲ್ಲಿ ಅಜ್ಜಿ ಇದ್ದರೆ ಒಮ್ಮೆ ಕೇಳಿ ನೋಡಿ: ಹಬ್ಬಕ್ಕೆ ಶೇಡಿ ಎಲ್ಲಿಂದ ತರುತ್ತಿದ್ದಿರಿ?